ಹೊನ್ನಿನ ಕಣಗಳೂ ಶಾಖದ ಲೆಕ್ಕವೂ

ಚಿನ್ನದ ಶುದ್ಧತೆಯನ್ನು ಒರೆಗಲ್ಲಿನಿಂದ ಅರಿಯುವ ವಿದ್ಯೆ ನಮ್ಮಲ್ಲಿ ಬಹು ಪುರಾತನವಾದುದು. ಆದರೆ ಚಿನ್ನದ ಅತಿಸೂಕ್ಷ್ಮ ಕಣಗಳು ಬೆಳಕನ್ನು ಎಷ್ಟರಮಟ್ಟಿಗೆ ಶಾಖವನ್ನಾಗಿ ಮಾರ್ಪಡಿಸುತ್ತವೆ ಎಂಬುದನ್ನು ಅಳೆಯುವ ವಿದ್ಯೆ ತೀರ ಈಚಿನದು. ಅದರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಬಯಸುತ್ತೇವೆ. ಈ ಅಳತೆಗೆ ಆಧಾರವಾದ ತತ್ತ್ವಗಳು ಪ್ರೌಢಶಾಲೆಯ ಪಾಠಗಳಲ್ಲಿಯೇ ಇರುವುದರಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ಉಪಯುಕ್ತವಾದೀತೆಂದು ನಮ್ಮ ನಂಬಿಕೆ.

ಗಟ್ಟಿ ಚಿನ್ನದ ಬಣ್ಣ ಹಳದಿ. ಅದೇ ಚಿನ್ನ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ಹರಡಿಕೊಂಡರೆ ನೀರು ಮಾಣಿಕ್ಯದಂತೆ ಕೆಂಪಾಗುತ್ತದೆ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯು ಚಿನ್ನದ ಲವಣದ ದ್ರಾವಣದ ಮೇಲೆ ರಂಜಕವನ್ನು ಪ್ರಯೋಗಿಸಿ ಇಂಥ ಕೆಂಪು ದ್ರವವನ್ನು ಪಡೆದು, ಈ ಬಣ್ಣಕ್ಕೆ ಕಣ್ಣಿಗೆ ಕಾಣದ ಚಿನ್ನದ ಕಣಗಳೇ ಕಾರಣವೆಂದು 1857ರಲ್ಲಿ ಪ್ರತಿಪಾದಿಸಿದನು. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಎಂಬಾತನು ಇದಕ್ಕೆ ಗಣಿತದ ತಳಹದಿಯನ್ನು ಹಾಕಿದನು. ಕಣದ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಕಣವು ಹೀರಿಕೊಳ್ಳುತ್ತದೆ. ಇನ್ನೊಂದು ಪಾಲು ಸುತ್ತಲೂ ಚದುರಿಹೋಗುತ್ತದೆ. ಶಾಖವಾಗತಕ್ಕದ್ದು ಹೀರಿದ ಪಾಲು ಮಾತ್ರ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವನ್ನು ನ್ಯಾನೋಮೀಟರ್ ಎನ್ನುತ್ತಾರೆ. 20 ನ್ಯಾನೋಮೀಟರ್ ಅಡ್ಡಳತೆಯ ಚಿನ್ನದ ಕಣದಲ್ಲಿ ಚದುರುವಿಕೆ ಅತ್ಯಲ್ಪ. ಕಣ ದೊಡ್ಡದಾದಂತೆ ಅದು ಹೆಚ್ಚುತ್ತ ಹೋಗುತ್ತದೆ.

ಈ ಲೆಕ್ಕಕ್ಕೆ ಜೀವನ್ಮರಣದ ಮಹತ್ತ್ವ ಬಂದುದು ಕ್ಯಾನ್ಸರ್ ಚಿಕಿತ್ಸೆಯಿಂದ. 2003ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದ ನವೋಮಿ ಹಾಲಸ್, ಜೆನಿಫರ್ ವೆಸ್ಟ್ ಮತ್ತು ಅವರ ಸಂಗಡಿಗರು ಸಿಲಿಕಾ ಕಣಗಳಿಗೆ ಚಿನ್ನದ ತೆಳುಪೊರೆಯನ್ನು ಹೊದಿಸಿ, ಅವುಗಳನ್ನು ಇಲಿಗಳ ಕ್ಯಾನ್ಸರ್ ಗಡ್ಡೆಗೆ ಸೇರಿಸಿ, ಮಾಂಸದೊಳಗೆ ಸುಲಭವಾಗಿ ನುಗ್ಗಬಲ್ಲ ಅವಕೆಂಪು ಕಿರಣಗಳಿಂದ ಆ ಗಡ್ಡೆಯನ್ನು ಬಿಸಿಮಾಡಿದರು. ಶಾಖ ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ. ಹೆಚ್ಚಾದರೆ ನೆರೆಯ ಆರೋಗ್ಯವಂತ ಮಾಂಸವೂ ಸುಡುತ್ತದೆ. ಆದಕಾರಣ ಎಷ್ಟು ಬೆಳಕಿಗೆ ಎಷ್ಟು ಶಾಖವೆಂಬುದನ್ನು ತಿಳಿಯುವುದು ಅನಿವಾರ್ಯವಾಯಿತು.

ಆದರೆ ಅಷ್ಟು ಸಣ್ಣ ಕಣಕ್ಕೆ ಉಷ್ಣಮಾಪಕವನ್ನು ಇಡುವುದೆಂತು? ಇಲ್ಲಿ ನೆರವಿಗೆ ಬಂದವರು ಹಳೆಯ ಆಚಾರ್ಯರೇ. ಬಿಸಿಯಾದ ವಸ್ತುವು ಶಾಖವನ್ನು ಕಳೆದುಕೊಳ್ಳುವ ವೇಗವು, ಅದಕ್ಕೂ ಸುತ್ತಣ ವಾತಾವರಣಕ್ಕೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆಂಬ ನಿಯಮದ ಮೂಲ ನ್ಯೂಟನ್ನನು 1701ರಲ್ಲಿ ಪ್ರಕಟಿಸಿದ ಬರಹದಲ್ಲಿದೆ. 1840ರ ದಶಕದಲ್ಲಿ ಜೂಲನು ಶಕ್ತಿಗೂ ಶಾಖಕ್ಕೂ ಇರುವ ಗಣಿತವನ್ನು ಗೊತ್ತುಪಡಿಸಿದನು. ಒಂದು ಗ್ರಾಂ ನೀರನ್ನು ಒಂದು ಸೆಲ್ಸಿಯಸ್ ಡಿಗ್ರಿ ಬಿಸಿಮಾಡಲು ಸುಮಾರು 4.18 ಜೂಲ್ ಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚಿನ್ನದ ಕಣಗಳಿರುವ ಒಂದು ಗ್ರಾಂ ನೀರಿನ ಮೇಲೆ ಒಂದು ವಾಟ್ ಬೆಳಕು ಬೀಳುತ್ತಿದೆ. ಉಷ್ಣತೆಯು ಸುತ್ತಣಕ್ಕಿಂತ 20 ಡಿಗ್ರಿ ಏರಿ ನಿಂತಿತು. ಅಂದರೆ ಬರುವ ಶಾಖವೂ ಹೋಗುವ ಶಾಖವೂ ಸಮವಾದವು. ಈಗ ಬೆಳಕನ್ನು ನಿಲ್ಲಿಸಿ ತಣಿಯುವ ಕ್ರಮವನ್ನು ಗುರುತಿಸಿದೆವು. ಹೆಚ್ಚಿನ ಉಷ್ಣತೆ ಶೇಕಡಾ 37ಕ್ಕೆ ಇಳಿಯಲು 209 ಸೆಕೆಂಡು ಹಿಡಿಯಿತೆನ್ನೋಣ. 4.18ನ್ನು 209ರಿಂದ ಭಾಗಿಸಿ 20ರಿಂದ ಗುಣಿಸಿದರೆ 0.4 ವಾಟ್. ಪಾತ್ರೆಯ ಪಾಲನ್ನೂ ಬರಿಯ ನೀರೇ ಹೀರುವ ಬೆಳಕನ್ನೂ ಇಲ್ಲಿ ಬಿಟ್ಟಿದ್ದೇವೆ. ಬಿದ್ದ ಬೆಳಕಿಗೆ ಹೋಲಿಸಿದರೆ ದಕ್ಷತೆ ಶೇಕಡಾ 40. ಆದರೆ ಅರ್ಧ ವಾಟ್ ಬೆಳಕು ನೀರನ್ನು ಹಾಯ್ದು ಹೊರಬಿದ್ದಿದ್ದರೆ, ತಡೆಯಲ್ಪಟ್ಟ ಬೆಳಕಿಗೆ ಹೋಲಿಸಿದಾಗ ಶೇಕಡಾ 80. ಹಾಗೆ ತಡೆಯಲ್ಪಟ್ಟುದರಲ್ಲಿಯೂ 0.1 ವಾಟ್ ಚದುರಿಹೋಗಿದ್ದರೆ, ಹೀರಿದ ಬೆಳಕಿಗೆ ಹೋಲಿಸಿದಾಗ ಶೇಕಡಾ 100! ಪ್ರಯೋಗ ಒಂದೇ, ಶಾಖ ಒಂದೇ. ಉತ್ತರ ಮಾತ್ರ ಮೂರು.

ಇತಿಹಾಸದಲ್ಲಿಯೂ ಇಂಥ ಅಂತರ ಕಾಣಬರುತ್ತದೆ. 2007ರಲ್ಲಿ ರೋಪರ್ ಮತ್ತು ಅವರ ಸಂಗಡಿಗರು 20 ನ್ಯಾನೋಮೀಟರಿನ ಕಣಗಳ ಮೇಲೆ ಹಸಿರು ಲೇಸರ್ ಬೆಳಕನ್ನು ಹಾಯಿಸಿ, ತಣಿಯುವ ಕ್ರಮದ ಮೂಲಕ ಶೇಕಡಾ 3.4ರಿಂದ 9.9ರ ವರೆಗಿನ ದಕ್ಷತೆಯನ್ನು ವರದಿಮಾಡಿದರು. 2009ರಲ್ಲಿ ರಿಚರ್ಡ್‌ಸನ್, ಗೊವೊರೊವ್ ಮೊದಲಾದವರು ನೀರಿನ ಒಂದು ಹನಿಯಲ್ಲಿಯೇ ಪ್ರಯೋಗ ನಡೆಸಿ, ದಕ್ಷತೆ ಶೇಕಡಾ 100ಕ್ಕೆ ಅತಿ ಸಮೀಪವೆಂದು ತೋರಿಸಿದರು. ಎರಡು ವರ್ಷಗಳಲ್ಲಿ ಚಿನ್ನದ ಸ್ವಭಾವವೇನೂ ಬದಲಾಗಲಿಲ್ಲ. ಬದಲಾದುದು ಪ್ರಯೋಗದ ಏರ್ಪಾಡು ಮತ್ತು ಲೆಕ್ಕದ ಬಗೆ. ತಾನು ಹೀರಿದ ಬೆಳಕನ್ನು ಮತ್ತೆ ಬೆಳಕಾಗಿ ಹೊರಸೂಸುವುದು ಚಿನ್ನದಲ್ಲಿ ಅತ್ಯಲ್ಪವಾದ್ದರಿಂದ, ಹೀರಿದುದೆಲ್ಲ ಬಹುಮಟ್ಟಿಗೆ ಶಾಖವಾಗಲೇಬೇಕೆಂದು ಸಿದ್ಧಾಂತವೂ ಹೇಳುತ್ತದೆ.

2019ರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನ 16 ರೋಗಿಗಳಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಿಸಿದ ವರದಿ ಹೊರಬಂದಿತು. ಹೀಗೆ ರೋಗಿಯ ಶರೀರದವರೆಗೆ ಬಂದಿರುವ ಈ ಲೆಕ್ಕದ ಮೂಲಪಾಠಕ್ಕೆ ಲೇಸರ್ ಬೇಕಿಲ್ಲ. ಬಿಸಿನೀರಿನ ತಂಬಿಗೆ, ಉಷ್ಣಮಾಪಕ, ಗಡಿಯಾರ ಇಷ್ಟಿದ್ದರೆ ನಮ್ಮ ಶಾಲೆಗಳಲ್ಲಿ ತಣಿಯುವ ರೇಖೆಯನ್ನು ಎಳೆಯಬಹುದು. ಅದರೊಡನೆ, ಯಾರಾದರೂ ‘ಶೇಕಡಾ ಇಷ್ಟು’ ಎಂದಾಗ ‘ಯಾವುದರಲ್ಲಿ?’ ಎಂದು ಕೇಳುವ ಅಭ್ಯಾಸವನ್ನೂ ಮಕ್ಕಳಲ್ಲಿ ಬೆಳೆಸೋಣ.