ಬೆರಳುಗಳ ನಡುವಿನ ಜಾಗ

ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಜೇಜುರಿಯ ಗುಡ್ಡವನ್ನು ಜನ ವರ್ಷವಿಡೀ ಹತ್ತುತ್ತಾರೆ. ಸೋಮವತಿ ಅಮಾವಾಸ್ಯೆಗೂ ಚಂಪಾಷಷ್ಠಿಗೂ ಕಾಲಿಡಲು ಜಾಗ ಇರುವುದಿಲ್ಲ. ಮೇಲಿರುವ ದೇವರು ಮರಾಠಿಗರಿಗೆ ಖಂಡೋಬಾ, ಕನ್ನಡಿಗರಿಗೆ ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡ, ಬೀದರಿನ ಬಳಿಯ ಮೈಲಾರ, ಇವೆಲ್ಲ ಒಂದೇ ಬಳಗದ ಕ್ಷೇತ್ರಗಳು. ಇಲ್ಲಿ ಗೊರವರಿದ್ದರೆ ಅಲ್ಲಿ ವಾಘ್ಯಾ-ಮುರಳಿಯರು. ಜೇಜುರಿಯ ಮೆಟ್ಟಿಲುಗಳಲ್ಲಿ ಅರಿಶಿನದ ಭಂಡಾರ ಎರಚುತ್ತ ಮರಾಠಿ ಭಕ್ತರು ಕೂಗುವ ‘ಯೇಳಕೋಟ’ದೊಳಗೆ ಕನ್ನಡದ ‘ಏಳುಕೋಟಿ’ ಇವತ್ತಿಗೂ ಕೇಳಿಸುತ್ತದೆ.

ಇದು ನಡೆಯುವವರ ದೇವರು. ಖಂಡೋಬಾನ ಎರಡನೆಯ ಹೆಂಡತಿ ಬಾಣಾಯಿ ಧನಗರರ ಮಗಳು. ಕನ್ನಡದ ಕಥೆಗಳಲ್ಲಿ ಕುರುಬರ ಹುಡುಗಿ. ಕುರಿ ಹಿಂಡಿನ ಹಿಂದೆ ದಖ್ಖನದ ಬಯಲನ್ನು ಸುತ್ತಿದವರು ಶತಮಾನಗಳ ಕಾಲ ಈ ಗುಡ್ಡಕ್ಕೆ ಬಂದಿದ್ದಾರೆ. ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಕಿಯೂ ಜೇಜುರಿಯ ಮೇಲೇ ಹಾದುಹೋಗುತ್ತದೆ. ಹೀಗೆ ಚಪ್ಪಲಿ ಬಿಟ್ಟು ಕಲ್ಲಿನ ಮೆಟ್ಟಿಲು ಹತ್ತುವ ಜನರ ನಡುವೆ ಪಾದಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಬರಿಗಾಲಿನಲ್ಲೇ ಬೆಳೆದವರ ಪಾದ ಮುಂದೆ ಹೋದಂತೆ ಅಗಲ, ಬೆರಳುಗಳು ಬೀಸಣಿಗೆಯಂತೆ ಬಿಡಿಬಿಡಿ. ಬೂಟಿನಲ್ಲಿ ಬೆಳೆದವರ ಪಾದ ಮುಂದೆ ಹೋದಂತೆ ಕಿರಿದು, ಹೆಬ್ಬೆರಳು ಉಳಿದ ಬೆರಳುಗಳ ಕಡೆಗೆ ವಾಲಿರುತ್ತದೆ.

ಈ ಎರಡನೆಯ ಬಗೆಯ ಪಾದವನ್ನು ಮೊದಲನೆಯದರಂತೆ ಮಾಡಿಕೊಡುವ ಭರವಸೆಯ ಮೇಲೆ ಈಗ ಒಂದು ವಸ್ತು ಮಾರಾಟವಾಗುತ್ತಿದೆ. ಸಿಲಿಕೋನಿನ ಮೆತ್ತನೆಯ ತುಂಡು, ಐದು ಬೆರಳುಗಳ ಸಂದಿಗೆ ತೂರಿಸಿಕೊಳ್ಳುವಂಥದ್ದು, ಹೆಸರು ಟೋ ಸ್ಪೇಸರ್. ಉಗುರಿಗೆ ಬಣ್ಣ ಹಚ್ಚುವಾಗ ಬೆರಳು ಬಿಡಿಸಲು ಇಡುವ ಸ್ಪಂಜಿನ ಅಣ್ಣನಂತಿದೆ. 2009ರಲ್ಲಿ ಬಂದ ‘ಬಾರ್ನ್ ಟು ರನ್’ ಎಂಬ ಪುಸ್ತಕ ಬರಿಗಾಲಿನ ಓಟವನ್ನು ಅಮೆರಿಕದಲ್ಲಿ ಚಳವಳಿಯನ್ನಾಗಿ ಮಾಡಿತು. ಅದರ ಬೆನ್ನಿಗೇ ಬೆರಳು ಬಿಡಿಸುವ ಈ ಸಾಧನಗಳೂ ಓಟಗಾರರ, ಯೋಗ ಮಾಡುವವರ ಚೀಲ ಸೇರಿದವು. ಇದರಿಂದ ಪ್ರಯೋಜನವಿದೆಯೇ ಎಂದು ಕೇಳುವ ಮೊದಲು ಬೆರಳುಗಳ ನಡುವಿನ ಜಾಗ ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಅದು ಹೋದದ್ದರ ಗುರುತು ಮೂಳೆಗಳಲ್ಲಿ ಉಳಿದಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಗೆದು ತೆಗೆದ 177 ಮಧ್ಯಯುಗದ ಅಸ್ಥಿಪಂಜರಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 11ರಿಂದ 13ನೇ ಶತಮಾನದವರೆಗಿನವರಲ್ಲಿ ಹೆಬ್ಬೆರಳು ವಾಲಿ ಬುಡದಲ್ಲಿ ಗಂಟಾಗಿದ್ದವರು ನೂರಕ್ಕೆ 6. ಆಮೇಲಿನ 14, 15ನೇ ಶತಮಾನದವರಲ್ಲಿ ನೂರಕ್ಕೆ 27. ನಡುವೆ ಬಂದದ್ದು ಉದ್ದ ಚೂಪು ಮೂತಿಯ ಬೂಟಿನ ಶೋಕಿ. ಶ್ರೀಮಂತರೂ ಮಠದ ಪಾದ್ರಿಗಳೂ ಅದಕ್ಕೆ ಹೆಚ್ಚು ತೆರಿಗೆ ಕಟ್ಟಿದರು, ಹಣದಲ್ಲಲ್ಲ, ಬೆರಳಿನಲ್ಲಿ.

ವೈದ್ಯರು ಎಚ್ಚರಿಸದೆ ಇರಲಿಲ್ಲ. ಡಚ್ ಅಂಗರಚನಾ ತಜ್ಞ ಪೆಟ್ರುಸ್ ಕಾಂಪರ್ 1781ರಲ್ಲೇ ಒಳ್ಳೆಯ ಬೂಟು ಹೇಗಿರಬೇಕೆಂದು ಒಂದು ಪುಸ್ತಕ ಬರೆದ. 1858ರಲ್ಲಿ ಜ್ಯೂರಿಕ್‌ನ ಹರ್ಮನ್ ಫಾನ್ ಮೇಯರ್ ಹೆಬ್ಬೆರಳಿನ ನಡುವಿನಿಂದ ಎಳೆದ ಗೆರೆ ಹಿಮ್ಮಡಿಯ ನಡುವಿಗೆ ಬರಬೇಕು, ಬೂಟನ್ನು ಆ ಗೆರೆಗೆ ಒಪ್ಪುವಂತೆ ಕತ್ತರಿಸಬೇಕು ಎಂದು ವಾದಿಸಿದ. ಬೂಟಿನ ಅಂಗಡಿಗಳು ಕೇಳಿಸಿಕೊಳ್ಳಲಿಲ್ಲ. 1870ರ ಹೊತ್ತಿಗೆ ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್ ವಾಲಿದ ಹೆಬ್ಬೆರಳಿಗೆ ‘ಹ್ಯಾಲಕ್ಸ್ ವ್ಯಾಲ್ಗಸ್’ ಎಂಬ ಹೆಸರನ್ನೇ ಕೊಟ್ಟ. ಪಾದಕ್ಕೆ ತಕ್ಕ ಬೂಟು ಹೊಲಿಯುವ ಬದಲು ಬೂಟಿಗೆ ತಕ್ಕ ರೋಗಕ್ಕೆ ಹೆಸರಿಟ್ಟಂತಾಯಿತು.

ಬೂಟು ತೊಡದವರ ಪಾದ ಹೇಗಿರುತ್ತದೆ ಎಂಬುದನ್ನು ಪಶ್ಚಿಮದ ವೈದ್ಯಕೀಯ ಕಲಿತ ರೀತಿಯಲ್ಲೂ ಒಂದು ಕಹಿ ಇದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಜಾಗತಿಕ ಮೇಳಕ್ಕೆ ಫಿಲಿಪ್ಪೀನ್ಸ್‌ನಿಂದಲೂ ಆಫ್ರಿಕದಿಂದಲೂ ಜನರನ್ನು ಪ್ರದರ್ಶನದ ವಸ್ತುಗಳಂತೆ ತಂದು ನಿಲ್ಲಿಸಿದ್ದರು. ಫಿಲ್ ಹಾಫ್‌ಮನ್ ಎಂಬ ಮೂಳೆವೈದ್ಯ ಅಂಥವರ 186 ಜೊತೆ ಪಾದಗಳನ್ನು ಪರೀಕ್ಷಿಸಿ 1905ರಲ್ಲಿ ವರದಿ ಬರೆದ. ಹುಟ್ಟಿದಾಗ ಎಲ್ಲ ಜನಾಂಗದ ಪಾದವೂ ಒಂದೇ, ಬೇರೆ ಮಾಡುವುದು ಬೂಟು ಎಂಬುದು ಅದರ ಸಾರ. ಹಾಂಗ್‌ಕಾಂಗ್‌ನಲ್ಲಿ 1958ರಲ್ಲಿ ಇಬ್ಬರು ವೈದ್ಯರು ಚೀನೀಯರನ್ನೇ ಚೀನೀಯರೊಂದಿಗೆ ಹೋಲಿಸಿದರು. ಬೂಟು ಹಾಕುವವರಲ್ಲಿ ನೂರಕ್ಕೆ 33 ಮಂದಿಯ ಹೆಬ್ಬೆರಳು ವಾಲಿತ್ತು. ಹಾಕದವರಲ್ಲಿ ನೂರಕ್ಕೆ 2 ಕೂಡ ಇರಲಿಲ್ಲ. ವಂಶದಲ್ಲೇ ಈ ವಾಲುವಿಕೆ ಬರುವುದೂ ಉಂಟು. ಆದರೆ ಒಂದೇ ಜನರ ನಡುವೆ ಇಷ್ಟು ಅಂತರ ಬರಲು ರಕ್ತವೊಂದೇ ಸಾಲದು.

ದಖ್ಖನದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಪಾದರಕ್ಷೆ ಇರಲಿಲ್ಲವೆಂದಲ್ಲ. ಮೆಟ್ಟು, ಕೆರ, ಎಕ್ಕಡ, ಜೋಡು ಎಂದು ಕನ್ನಡದಲ್ಲಿ ಅದಕ್ಕೆ ಎಷ್ಟೊಂದು ಹೆಸರುಗಳಿವೆ. ಚರಕಸಂಹಿತೆ ದಿನಚರಿಯ ಭಾಗವಾಗಿ ಪಾದರಕ್ಷೆ ತೊಡಬೇಕೆನ್ನುತ್ತದೆ. ಅದರಿಂದ ಕಾಲಿನ ತೊಂದರೆ ದೂರ, ನಡೆಯಲು ಬಲ ಎನ್ನುತ್ತದೆ. ಆದರೆ ಇಲ್ಲಿನ ಪಾದರಕ್ಷೆ ಮುಂಭಾಗದಲ್ಲಿ ತೆರೆದದ್ದು. ಮರದ ಹಾವುಗೆಯ ಗುಬುಟು ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ನಿಲ್ಲುತ್ತದೆ. ಕೊಲ್ಹಾಪುರಿ ಚಪ್ಪಲಿಯಲ್ಲಿ ಅದೇ ಕೆಲಸವನ್ನು ಉಂಗುಷ್ಟ ಮಾಡುತ್ತದೆ. ಕೊಲ್ಹಾಪುರಿ ಎಂಬ ಹೆಸರಿದ್ದರೂ ಅದನ್ನು ಹೊಲಿಯುವ ಕೈಗಳಲ್ಲಿ ಬಹಳಷ್ಟು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿದವು.

ಹಾಗೆಂದು ಉಂಗುಷ್ಟವನ್ನೋ ಹೆಣ್ಣುಮಕ್ಕಳ ಕಾಲುಂಗುರವನ್ನೋ ತೋರಿಸಿ ‘ನಮ್ಮ ಹಿರಿಯರು ಟೋ ಸ್ಪೇಸರ್ ಆಗಲೇ ಕಂಡುಹಿಡಿದಿದ್ದರು’ ಎನ್ನುವುದು ಸುಲಭದ ಹೆಮ್ಮೆ. ಕಾಲುಂಗುರ ಮುತ್ತೈದೆಯ ಗುರುತು, ಬೆರಳನ್ನು ನೆಟ್ಟಗೆ ಮಾಡಲು ಇಟ್ಟದ್ದಲ್ಲ. ಉಂಗುಷ್ಟ ಇರುವುದು ಚಪ್ಪಲಿ ಜಾರದಿರಲಿ ಎಂದು. ಇವು ಬೆರಳಿಗೆ ಮಾಡಿದ ಉಪಕಾರ ಒಂದೇ: ಬೆರಳುಗಳ ಮುಂದೆ ಗೋಡೆ ಕಟ್ಟಲಿಲ್ಲ.

ಆ ಗೋಡೆ ಏನು ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಕೊಟ್ಟವರಲ್ಲಿ ಕರ್ನಾಟಕದ ಕರಾವಳಿಯ ವೈದ್ಯರೂ ಇದ್ದಾರೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ನೋಡಿದ್ದು ಬೆರಳನ್ನಲ್ಲ, ಅಂಗಾಲಿನ ಕಮಾನನ್ನು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲಿನ ಮಕ್ಕಳಲ್ಲಿ 2.8. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಜೋಸೆಫ್ ಮತ್ತು ವಿ. ಸಚ್ಚಿದಾನಂದಂ 1995ರಲ್ಲಿ 1846 ವಯಸ್ಕರನ್ನು ನೋಡಿದಾಗ ಅದೇ ಸಂಗತಿ ಇನ್ನೊಂದು ಮಗ್ಗುಲಿನಿಂದ ಕಂಡಿತು. ಹದಿನಾರು ವರ್ಷದವರೆಗೆ ಪಾದರಕ್ಷೆ ಹಾಕದವರಲ್ಲಿ ಚಪ್ಪಟೆ ಪಾದ ನೂರಕ್ಕೆ 1.75 ಇದ್ದರೆ, ಆರು ವರ್ಷಕ್ಕೆ ಮೊದಲೇ ಹಾಕಿದವರಲ್ಲಿ 3.24 ಇತ್ತು. 2009ರಲ್ಲಿ ಬೆಲ್ಜಿಯಂನ ಸಂಶೋಧಕರು ಬರಿಗಾಲಿನ ಭಾರತೀಯರನ್ನು ಪಾದರಕ್ಷೆ ತೊಡುವ ಭಾರತೀಯರ ಜೊತೆಗೂ ಪಾಶ್ಚಾತ್ಯರ ಜೊತೆಗೂ ಹೋಲಿಸಿದರು. ಬರಿಗಾಲಿನವರ ಪಾದ ಅಗಲ, ಮೈಭಾರ ಇಡೀ ಅಂಗಾಲಿಗೆ ಹೆಚ್ಚು ಸಮನಾಗಿ ಹಂಚಿಹೋಗುತ್ತಿತ್ತು. ಪಾಶ್ಚಾತ್ಯರ ಪಾದ ಸಪೂರ, ಭಾರ ಹಿಮ್ಮಡಿಯ ಮತ್ತು ಹೆಬ್ಬೆರಳಿನ ಸುತ್ತ ಒತ್ತಿಕೊಂಡಿತ್ತು.

ಇಷ್ಟು ಓದಿದವರಿಗೆ ಬೂಟನ್ನು ಕಿತ್ತೆಸೆಯಬೇಕೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಬರಿಗಾಲಿಗೂ ಬೆಲೆ ಇತ್ತು. ಅದನ್ನು ಲೆಕ್ಕ ಹಾಕಿದ ಒಬ್ಬ ವೈದ್ಯ ಜೇಜುರಿಯ ನೆರೆಯ ಸಾತಾರಾದಲ್ಲೇ ಇದ್ದ. ಹೆನ್ರಿ ವ್ಯಾಂಡೈಕ್ ಕಾರ್ಟರ್, ಪ್ರಸಿದ್ಧವಾದ ‘ಗ್ರೇಸ್ ಅನಾಟಮಿ’ಯ ಮೊದಲ ಆವೃತ್ತಿಗೆ ಚಿತ್ರ ಬರೆದವನು, 1858ರಲ್ಲಿ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ. ಮುಂದಿನ ದಶಕದಲ್ಲಿ ಸಾತಾರಾದ ಸಿವಿಲ್ ಸರ್ಜನ್ ಆದ. ಅವನನ್ನು ಕಾಡಿದ್ದು ‘ಮಧುರಾ ಪಾದ’ ಎಂಬ ರೋಗ. ಬರಿಗಾಲಿಗೆ ಮುಳ್ಳು ಚುಚ್ಚುತ್ತದೆ, ಗಾಯದೊಳಗೆ ಮಣ್ಣಿನ ಶಿಲೀಂಧ್ರ ಸೇರುತ್ತದೆ, ವರ್ಷಗಳ ಮೇಲೆ ಪಾದ ಊದಿ ತೂತುಬಿದ್ದು ಕಾಳಿನಂಥ ಕೀವು ಸುರಿಯುತ್ತದೆ. ಹೊಲದಲ್ಲಿ ದುಡಿಯುವವರಿಗೇ ಬರುವ ರೋಗ. ಎಷ್ಟೋ ಸಲ ಕಾಲು ಕತ್ತರಿಸುವುದೇ ಕೊನೆ. ಕಾರ್ಟರ್ ಅದಕ್ಕೆ ಮೈಸಿಟೋಮಾ ಎಂದು ಹೆಸರಿಟ್ಟು 1874ರಲ್ಲಿ ಪುಸ್ತಕ ಬರೆದ. ಈ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಲು 2016 ಬರಬೇಕಾಯಿತು. ಕೊಕ್ಕೆಹುಳು, ಹಾವಿನ ಕಡಿತ, ತುಕ್ಕು ಮೊಳೆ ಈ ಲೆಕ್ಕದ ಉಳಿದ ಸಾಲುಗಳು.

ಇನ್ನೊಂದು ಬೆಲೆ ಮಾನದ್ದು. ಚಪ್ಪಲಿ ಹೊಲಿಯುವವರೇ ಊರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾದ ಕಾಲ ಈ ನಾಡಿನಲ್ಲಿತ್ತು. 12ನೇ ಶತಮಾನದ ಸಮಗಾರ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆ ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವುದು ಅದಕ್ಕೇ. ಯಾರ ಕಾಲಿಗೆ ಚಪ್ಪಲಿ, ಯಾರ ಕೈಗೆ ಎಂಬ ಪ್ರಶ್ನೆ ಅದರೊಳಗಿದೆ. ಅಂಥ ಮನೆಯ ಹುಡುಗ ಕಪ್ಪು ಬೂಟು ತೊಟ್ಟು ಶಾಲೆಗೆ ಹೋಗುವುದು ಸಣ್ಣ ಸಂಗತಿಯಲ್ಲ. ಅವನಿಗೆ ಬರಿಗಾಲಿನ ಮಹಿಮೆ ಹೇಳಲು ಯಾರಿಗೂ ಬಾಯಿ ಬರಬಾರದು.

ಈ ಎರಡೂ ಲೆಕ್ಕಗಳನ್ನು ಎದುರಿಗಿಟ್ಟುಕೊಂಡು ಸಿಲಿಕೋನಿನ ತುಂಡಿಗೆ ಮರಳಬಹುದು. ಅದರ ಬಗೆಗಿನ ಪ್ರಯೋಗಗಳು ಚಿಕ್ಕವು, ಆದರೆ ಅವುಗಳ ಮಾತು ಸ್ಪಷ್ಟ. 2008ರಲ್ಲಿ ಪ್ರಕಟವಾದ ಇರಾನಿನ ಒಂದು ಪ್ರಯೋಗದಲ್ಲಿ ಹೆಬ್ಬೆರಳು ವಾಲಿ ನೋಯುತ್ತಿದ್ದ 30 ಹೆಂಗಸರಲ್ಲಿ ಕೆಲವರಿಗೆ ಬೆರಳು ಬಿಡಿಸುವ ತುಂಡಿದ್ದ ಒಳಅಟ್ಟೆ, ಉಳಿದವರಿಗೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ಕೊಟ್ಟರು. ಮೂರು ತಿಂಗಳಲ್ಲಿ ಮೊದಲಿನವರ ನೋವು ಇಳಿಯಿತು, ಪಟ್ಟಿಯವರದ್ದು ಇಳಿಯಲಿಲ್ಲ. ಹೆಬ್ಬೆರಳಿನ ಕೋನ ಮಾತ್ರ ಇಬ್ಬರಲ್ಲೂ ಇದ್ದಲ್ಲೇ ಇತ್ತು. 2001ರಲ್ಲಿ ಫಿನ್‌ಲ್ಯಾಂಡಿನಲ್ಲಿ ಇದೇ ತೊಂದರೆಯ 209 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಬೂಟಿನೊಳಗಿಡುವ ಅಟ್ಟೆಯಿಂದ ಆರು ತಿಂಗಳಿಗೆ ನೋವು ತಗ್ಗಿತ್ತು. ವರ್ಷ ತುಂಬುವ ಹೊತ್ತಿಗೆ ಆ ಲಾಭ ಕರಗಿಹೋಗಿ, ಶಸ್ತ್ರಚಿಕಿತ್ಸೆಯ ಫಲ ಉಳಿದಿತ್ತು.

ಅಂದರೆ ಸ್ಪೇಸರ್ ನೋವು ತಗ್ಗಿಸಬಲ್ಲದು. ಒಂದರ ಮೇಲೊಂದು ಹತ್ತಿ ಕೂತ ಬೆರಳುಗಳು ಉಜ್ಜಿ ಆಣಿಯಾಗುವುದನ್ನು ತಡೆಯಬಲ್ಲದು. ಮಲಗಿದ್ದ ಸ್ನಾಯುಗಳಿಗೆ ಅಲುಗಾಡಲು ಸ್ವಲ್ಪ ಎಡೆ ಕೊಡಬಲ್ಲದು. ಮೂವತ್ತು ವರ್ಷ ಬೂಟು ಬಗ್ಗಿಸಿದ ಮೂಳೆಯನ್ನು ಸಂಜೆಯ ಅರ್ಧ ಗಂಟೆಯಲ್ಲಿ ನೆಟ್ಟಗೆ ಮಾಡಲಾರದು. ಇಕ್ಕಟ್ಟಿನ ಬೂಟಿನೊಳಗೇ ಅದನ್ನು ತುರುಕಿದರೆ ಇರುವ ಜಾಗವೂ ಹೋಗಿ ಬೆರಳು ಇನ್ನಷ್ಟು ಒತ್ತುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ವೈದ್ಯರನ್ನು ಕೇಳದೆ ಅದನ್ನು ಹಾಕಿಕೊಳ್ಳಬಾರದು. ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಅಂಥವರಿಗೆ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲಿನ ಮೇಲಿನ ಬರಿಗಾಲೂ ಅಷ್ಟೇ ಅಪಾಯ. ಹರಕೆಗಿಂತ ಪಾದ ದೊಡ್ಡದು ಎಂದು ಮನೆಯವರೇ ಹೇಳಬೇಕು.

ಮುಖ್ಯವಾದ ಕೆಲಸ ಇರುವುದು ಬೆರಳಿನ ಸಂದಿಯಲ್ಲಲ್ಲ, ಬೂಟಿನ ಮೂತಿಯಲ್ಲಿ. ಮೇಯರ್ 1858ರಲ್ಲಿ ಗೆರೆ ಎಳೆದು ಹೇಳಿದ್ದನ್ನು ಹಳ್ಳಿಯ ಸಮಗಾರನೂ ತನ್ನ ರೀತಿಯಲ್ಲಿ ಮಾಡುತ್ತಿದ್ದ. ಗಿರಾಕಿಯ ಪಾದವನ್ನು ಕಾಗದದ ಮೇಲೋ ತೊಗಲಿನ ಮೇಲೋ ಇಡಿಸಿ, ಸುತ್ತ ಗೆರೆ ಎಳೆದು ಅಟ್ಟೆ ಕತ್ತರಿಸುತ್ತಿದ್ದ. ಆ ಪರೀಕ್ಷೆಗೆ ಈಗಲೂ ಖರ್ಚಿಲ್ಲ. ಶಾಲೆ ಶುರುವಾಗುವ ಮುಂಚೆ ಮಗುವನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಹೊಸ ಬೂಟನ್ನು ಆ ಗೆರೆಯ ಮೇಲಿಟ್ಟು ನೋಡಬೇಕು. ಗೆರೆ ಬೂಟಿನ ಆಚೆ ಕಾಣಿಸಿದರೆ ಅಷ್ಟು ಪಾದವನ್ನು ಬೂಟು ಒಳಕ್ಕೆ ಒತ್ತಲಿದೆ ಎಂದು ಅರ್ಥ. ಅಂಗಡಿಯವನು ಹಾಕಿಕೊಳ್ಳುತ್ತ ಹೋದರೆ ಸಡಿಲವಾಗುತ್ತದೆ ಎನ್ನುತ್ತಾನೆ. ಆರು ವರ್ಷದ ಮಗುವಿನಲ್ಲಿ ಬೂಟಿಗಿಂತ ಮೊದಲು ಬಗ್ಗುವುದು ಬೆರಳು.