ಕುಡಿದು ವಾಹನ ಚಾಲನೆ: ಕ್ರೀಡಾಪಟು ತೆರುವ ಬೆಲೆ ದಂಡಕ್ಕಷ್ಟೇ ಸೀಮಿತವಲ್ಲ

ಮತ್ತೋಡು (ಹೊಸದುರ್ಗ ತಾಲ್ಲೂಕು): ಸುಗ್ಗಿ ಮುಗಿದು ಬೇಸಿಗೆ ಕಾಲಿಟ್ಟಿತೆಂದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಭರಾಟೆ. ಹೋಬಳಿ ಕೇಂದ್ರವಾದ ಮತ್ತೋಡು ಸುತ್ತಲಿನ ಊರುಗಳೂ ಇದಕ್ಕೆ ಹೊರತಲ್ಲ. ಫೈನಲ್ ಮುಗಿಯುವ ವೇಳೆಗೆ ನಡುರಾತ್ರಿ ದಾಟಿರುತ್ತದೆ; ಬಸ್ಸು ಇರುವುದಿಲ್ಲ. ಗೆದ್ದವರಿಗೆ ಸಂಭ್ರಮ, ಸೋತವರಿಗೆ ಬೇಸರ. ಎರಡಕ್ಕೂ ಬಾಟಲಿಯೇ ಮದ್ದು ಎಂದು ಭಾವಿಸುವವರಿಗೆ ಊರು ಸೇರಲು ಉಳಿಯುವ ದಾರಿ ಬೈಕ್ ಒಂದೇ.

ಇಂತಹ ಮೈದಾನಗಳಲ್ಲಿ ಆಡಿ ಬೆಳೆದ ಹುಡುಗರೇ ಮುಂದೆ ಪೊಲೀಸ್, ರೈಲ್ವೆ, ಬ್ಯಾಂಕ್ ತಂಡಗಳಿಗೆ ಆಯ್ಕೆಯಾಗುತ್ತಾರೆ. ಕ್ರಿಕೆಟ್ ಹೊರತುಪಡಿಸಿದರೆ ನಮ್ಮ ರಾಜ್ಯದ ಬಹುತೇಕ ಆಟಗಾರರಿಗೆ ವೃತ್ತಿಪರ ಕ್ರೀಡೆ ಎಂದರೆ ಕ್ರೀಡಾ ಕೋಟಾದಡಿ ದೊರೆಯುವ ನೌಕರಿಯೇ. ಆದ್ದರಿಂದ ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದ ಆಟಗಾರನ ಪಾಲಿಗೆ ನ್ಯಾಯಾಲಯದ ದಂಡ ಎಲ್ಲಕ್ಕಿಂತ ಸಣ್ಣ ನಷ್ಟ. ದೊಡ್ಡ ನಷ್ಟಗಳು ಅದರ ಬೆನ್ನಿಗೆ ಬರುತ್ತವೆ.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಅಪರಾಧ. ಇಂಗ್ಲೆಂಡಿನಲ್ಲಿ ಈ ಮಿತಿ 80 ಮಿಲಿಗ್ರಾಂ, ಆಸ್ಟ್ರೇಲಿಯಾದಲ್ಲಿ ಸಾಮಾನ್ಯ ಚಾಲಕರಿಗೆ 50. ನಮ್ಮ ಮಿತಿ ಅವರಿಗಿಂತ ಬಿಗಿಯಾದುದು.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಮರುಕಳಿಸಿದರೆ ದಂಡ 15,000 ರೂಪಾಯಿಗೂ, ಸೆರೆವಾಸ 2 ವರ್ಷಕ್ಕೂ ಏರಬಹುದು. ಚಾಲನಾ ಪರವಾನಗಿಯನ್ನು ಕನಿಷ್ಠ 3 ತಿಂಗಳು ಅಮಾನತಿನಲ್ಲಿಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಕುಡಿದು ಗಾಡಿ ಓಡಿಸಲು ಪ್ರಚೋದಿಸಿದವರಿಗೂ ಅದೇ ಶಿಕ್ಷೆ ಎಂದು 188ನೇ ಕಲಂ ಹೇಳುತ್ತದೆ. ‘ನೀನೇ ಓಡಿಸು’ ಎಂದು ಹುರಿದುಂಬಿಸುವ ಗೆಳೆಯರು ಇದನ್ನು ಗಮನಿಸಬೇಕು.

ಜೀವಹಾನಿಯಾದರೆ ಮಾತೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಸೆರೆವಾಸವಿದೆ. ಸಾವು ಸಂಭವಿಸಬಹುದೆಂಬ ಅರಿವು ಚಾಲಕನಿಗಿತ್ತು ಎಂದು ಸಾಬೀತಾದರೆ 105ನೇ ಕಲಂ ಅನ್ವಯವಾಗಿ, ಶಿಕ್ಷೆ 10 ವರ್ಷಕ್ಕೆ ಏರಬಹುದು. ಇದು ಜಾಮೀನುರಹಿತ ಅಪರಾಧ. 2006ರಲ್ಲಿ ಮುಂಬೈನಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ 7 ಕಾರ್ಮಿಕರು ಕಾರಿಗೆ ಬಲಿಯಾದ ಪ್ರಕರಣದಲ್ಲಿ, ಕುಡಿದಿದ್ದ ಚಾಲಕನಿಗೆ ಈ ಅರಿವು ಇತ್ತೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ನೌಕರಿ, ವಿಮೆ, ವೀಸಾ

ಕರ್ನಾಟಕದ ಸರ್ಕಾರಿ ನೌಕರ 48 ಗಂಟೆಗೂ ಹೆಚ್ಚು ಕಾಲ ಬಂಧನದಲ್ಲಿದ್ದರೆ, 1957ರ ನಾಗರಿಕ ಸೇವಾ ನಿಯಮಾವಳಿಯಂತೆ ಆತ ಅಮಾನತುಗೊಂಡಿದ್ದಾನೆಂದೇ ಪರಿಗಣಿಸಲಾಗುತ್ತದೆ. ನೌಕರಿಯೇ ಆಟದ ಆಸರೆಯಾಗಿರುವವನಿಗೆ ಇದು ಎರಡು ಪಟ್ಟು ಪೆಟ್ಟು.

ವಿಮೆಯೂ ಕೈಹಿಡಿಯುವುದಿಲ್ಲ. ಚಾಲಕ ಕುಡಿದಿದ್ದರೆ ವಾಹನಕ್ಕಾದ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಬಹುದು. ಉಸಿರಾಟ ಅಥವಾ ರಕ್ತ ಪರೀಕ್ಷೆ ನಡೆಯದಿದ್ದರೂ ಇತರ ಸಾಕ್ಷ್ಯಗಳ ಆಧಾರದಲ್ಲಿ ಹೀಗೆ ಮಾಡಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ವಿದೇಶ ಪ್ರವಾಸಕ್ಕೂ ಅಡ್ಡಿ ಎದುರಾಗಬಹುದು. ಕೆನಡಾ 2018ರ ಡಿಸೆಂಬರಿನಿಂದ ಇದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದ್ದು, ಶಿಕ್ಷೆಗೊಳಗಾದ ವಿದೇಶಿಯರಿಗೆ ಪ್ರವೇಶ ನಿರಾಕರಿಸಬಹುದು.

ಖ್ಯಾತಿಗೆ ರಿಯಾಯಿತಿ ಇಲ್ಲ

ಭಾರತದ ಪರ 17 ಟೆಸ್ಟ್, 104 ಏಕದಿನ ಪಂದ್ಯಗಳನ್ನಾಡಿದ ವಿನೋದ್ ಕಾಂಬ್ಳಿ ಅವರನ್ನು 2022ರ ಫೆಬ್ರುವರಿ 27ರಂದು ಮುಂಬೈನ ಬಾಂದ್ರಾದಲ್ಲಿ ಪೊಲೀಸರು ಬಂಧಿಸಿದರು. ಕುಡಿದು ಕಾರು ಓಡಿಸಿ ಮತ್ತೊಂದು ಕಾರಿಗೆ ಡಿಕ್ಕಿ ಹೊಡೆಸಿದರೆಂಬುದು ಆರೋಪ. ಬಳಿಕ ಅವರು ಜಾಮೀನಿನ ಮೇಲೆ ಬಿಡುಗಡೆಯಾದರು.

2015ರ ವಿಶ್ವಕಪ್ ಫೈನಲ್ಲಿನ ಪಂದ್ಯಶ್ರೇಷ್ಠ, ಐಪಿಎಲ್ ಪ್ರೇಕ್ಷಕರಿಗೂ ಪರಿಚಿತರಾದ ಆಸ್ಟ್ರೇಲಿಯಾದ ಜೇಮ್ಸ್ ಫಾಕ್ನರ್ ಅದೇ ವರ್ಷದ ಜುಲೈನಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿಕ್ಕಿಬಿದ್ದರು. ಕ್ರಿಕೆಟ್ ಆಸ್ಟ್ರೇಲಿಯಾ ಅವರ ಮೇಲೆ 4 ಪಂದ್ಯಗಳ ನಿಷೇಧ ಹೇರಿತು. ಈಜುಗಾರ ಮೈಕೆಲ್ ಫೆಲ್ಪ್ಸ್ 2014ರಲ್ಲಿ ಬಾಲ್ಟಿಮೋರ್‌ನಲ್ಲಿ ಬಂಧಿತರಾದಾಗ ಅಮೆರಿಕದ ಈಜು ಸಂಸ್ಥೆ 6 ತಿಂಗಳು ಅಮಾನತು ಮಾಡಿತು. 2015ರ ವಿಶ್ವ ಚಾಂಪಿಯನ್‌ಷಿಪ್ ಅವರ ಕೈತಪ್ಪಿತು. ಚಿಕಿತ್ಸೆ ಪಡೆದು ಮರಳಿದ ಅವರು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 5 ಚಿನ್ನ ಗೆದ್ದರು. ಫುಟ್‌ಬಾಲ್ ವಿಶ್ವಕಪ್ ಎತ್ತಿಹಿಡಿದ ಫ್ರಾನ್ಸ್ ನಾಯಕ ಹ್ಯೂಗೊ ಲೋರಿಸ್ ಮರುತಿಂಗಳೇ, ಅಂದರೆ 2018ರ ಆಗಸ್ಟ್‌ನಲ್ಲಿ, ಲಂಡನ್ನಿನಲ್ಲಿ ಸಿಕ್ಕಿಬಿದ್ದು 50,000 ಪೌಂಡ್ ದಂಡ ತೆತ್ತರು. 20 ತಿಂಗಳು ಸ್ಟೀರಿಂಗ್ ಹಿಡಿಯುವಂತಿರಲಿಲ್ಲ.

ಇವರೆಲ್ಲರೂ ಒಂದರ್ಥದಲ್ಲಿ ಅದೃಷ್ಟವಂತರು. ಯಾರ ಜೀವವೂ ಹೋಗಲಿಲ್ಲ. ಅಮೆರಿಕನ್ ಫುಟ್‌ಬಾಲ್ ಆಟಗಾರ ಹೆನ್ರಿ ರಗ್ಸ್ 2021ರ ನವೆಂಬರ್ 2ರ ನಸುಕಿನಲ್ಲಿ ಲಾಸ್ ವೇಗಸ್‌ನಲ್ಲಿ ಗಂಟೆಗೆ ಸುಮಾರು 250 ಕಿ.ಮೀ. ವೇಗ ಮುಟ್ಟಿದ್ದ ಕಾರನ್ನು ಮುಂದಿನ ಕಾರಿಗೆ ಗುದ್ದಿದರು. 23 ವರ್ಷದ ಯುವತಿಯೊಬ್ಬರು ಮೃತಪಟ್ಟರು. ಅದೇ ದಿನ ತಂಡ ಅವರನ್ನು ಕೈಬಿಟ್ಟಿತು. 2023ರಲ್ಲಿ ನ್ಯಾಯಾಲಯ ಅವರಿಗೆ 3ರಿಂದ 10 ವರ್ಷಗಳ ಸೆರೆವಾಸ ವಿಧಿಸಿತು. ಇಂಗ್ಲೆಂಡಿನ ಪ್ಲಿಮತ್ ತಂಡದ ಗೋಲ್‌ಕೀಪರ್ ಲ್ಯೂಕ್ ಮೆಕಾರ್ಮಿಕ್ 2008ರಲ್ಲಿ ಇಬ್ಬರು ಬಾಲಕರ ಸಾವಿಗೆ ಕಾರಣರಾಗಿ 7 ವರ್ಷ 4 ತಿಂಗಳ ಶಿಕ್ಷೆಗೊಳಗಾದರು. ಫೆಲ್ಪ್ಸ್ ಅವರಿಗೆ ಈಜುಕೊಳಕ್ಕೆ ಮರಳುವ ದಾರಿಯಿತ್ತು. ಸತ್ತವರಿಗೆ ಮರಳುವ ದಾರಿ ಇಲ್ಲ.

ಗಟ್ಟಿ ಮೈಕಟ್ಟಿನ ಭ್ರಮೆ

‘ನಮ್ಮದು ಕಸರತ್ತು ಮಾಡಿದ ದೇಹ, ಏನೂ ಆಗದು’ ಎಂಬುದು ಆಟಗಾರರಲ್ಲಿ ಕೇಳಿಬರುವ ಮಾತು. ಯಕೃತ್ತಿಗೆ ಇದು ತಿಳಿಯದು. ರಕ್ತದಲ್ಲಿನ ಮದ್ಯಸಾರ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮಾತ್ರ ಇಳಿಯುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸಲಾರವು. ಪಂದ್ಯ ಮುಗಿದ ಮೇಲೆ ಬರಿಹೊಟ್ಟೆಯಲ್ಲಿ ಕುಡಿದರೆ ಮದ್ಯ ಇನ್ನಷ್ಟು ಬೇಗ ರಕ್ತ ಸೇರುತ್ತದೆ.

ಲೆಕ್ಕ ಸರಳ. ರಾತ್ರಿ 1 ಗಂಟೆಗೆ 150 ಮಿಲಿಗ್ರಾಂ ಇದ್ದವನ ಪ್ರಮಾಣ 30ಕ್ಕೆ ಇಳಿಯಲು 8 ಗಂಟೆ ಬೇಕು. ಅಂದರೆ ಬೆಳಿಗ್ಗೆ 6ಕ್ಕೆ ಅಭ್ಯಾಸಕ್ಕೆಂದು ಬೈಕ್ ಹತ್ತಿದವನು, ನಿದ್ದೆ ಮಾಡಿ ಎದ್ದಿದ್ದರೂ, ಕಾನೂನಿನ ಕಣ್ಣಿನಲ್ಲಿ ಅಪರಾಧಿಯೇ.

ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ 2018ರ ಜನವರಿ 1ರಿಂದ ಮದ್ಯವನ್ನು ತನ್ನ ನಿಷೇಧಿತ ಪಟ್ಟಿಯಿಂದ ಕೈಬಿಟ್ಟಿದೆ. ಕೆಲವೇ ಕ್ರೀಡೆಗಳಿಗೆ ಅನ್ವಯಿಸುತ್ತಿದ್ದ ಆ ನಿಷೇಧ ಹೋದಮೇಲೆ, ಕುಡಿತಕ್ಕೆ ಕಡಿವಾಣ ಹಾಕುವ ಹೊಣೆ ಕ್ರೀಡಾ ಸಂಸ್ಥೆಗಳು, ತಂಡಗಳು ಹಾಗೂ ಆಟಗಾರರದ್ದೇ.

ಸಂಘಟಕರ ಪಾತ್ರ

ನಿವಾರಣೋಪಾಯ ದುಬಾರಿಯೇನಲ್ಲ. ಬಹುಮಾನದ ಹಣ, ಶಾಮಿಯಾನ, ಧ್ವನಿವರ್ಧಕಗಳಿಗೆ ಖರ್ಚು ಮಾಡುವ ಪಂದ್ಯಾವಳಿ ಸಮಿತಿಗಳು ಆಟಗಾರರು ಊರು ಸೇರಲು ಒಂದು ಟೆಂಪೊ ಗೊತ್ತುಮಾಡಬಹುದು. ಇಲ್ಲವೇ ಶಾಲೆ ಅಥವಾ ಸಮುದಾಯ ಭವನದಲ್ಲಿ ರಾತ್ರಿ ತಂಗಲು ಅವಕಾಶ ಕಲ್ಪಿಸಬಹುದು. ತಂಡದ ವ್ಯವಸ್ಥಾಪಕರು ಪಂದ್ಯಕ್ಕೆ ಮುನ್ನ ಬೈಕ್‌ಗಳ ಕೀಲಿ ಪಡೆದು, ಕುಡಿದವರಿಗೆ ಬೆಳಿಗ್ಗೆ ಊಟ, ನಿದ್ದೆ ಆದ ಮೇಲೂ ಸಾಕಷ್ಟು ಹೊತ್ತು ಬಿಟ್ಟೇ ಮರಳಿಸಬಹುದು.

ಹಳ್ಳಿಯ ಮೈದಾನದಿಂದ ರಾಜ್ಯ ತಂಡ ಮುಟ್ಟಲು ಒಬ್ಬ ಹುಡುಗನಿಗೆ ಹತ್ತಾರು ವರ್ಷ ಬೇಕು. ಅದನ್ನು ಕಳೆದುಕೊಳ್ಳಲು ಮೈದಾನದಿಂದ ಮನೆಯವರೆಗಿನ ಕತ್ತಲ ದಾರಿಯಷ್ಟೇ ಸಾಕು.