ಹೈಫಾ ರೇವಿನಲ್ಲಿ ಒಂದು ದಿನ

ಬೇಗಂಪೇಟೆಯಿಂದ ಹೊರಟು ಪಂಜಗುಟ್ಟ, ಖೈರತಾಬಾದುಗಳನ್ನು ದಾಟಿ ಮಾಸಾಬ್ ಟ್ಯಾಂಕಿನ ಕಡೆಗೆ ಹೋದರೆ ‘ಫಸ್ಟ್ ಲ್ಯಾನ್ಸರ್’ ಎಂಬ ಬಡಾವಣೆ ಸಿಗುತ್ತದೆ. ಈ ನಗರದಲ್ಲಿ ನೆಲೆಸಿದ ನಾವು ಆ ಹೆಸರನ್ನು ಆಗಾಗ ಕೇಳುತ್ತೇವೆ. ಅದು ಹೇಗೆ ಬಂದಿತೆಂದು ವಿಚಾರಿಸುವವರು ವಿರಳ. ಲ್ಯಾನ್ಸರ್ ಎಂದರೆ ಈಟಿ ಹಿಡಿದ ಕುದುರೆ ಸವಾರ. ನಿಜಾಮರ ಸಂಸ್ಥಾನದ ಮೊದಲನೆಯ ಲ್ಯಾನ್ಸರ್ ದಳದ ನೆನಪು ಆ ಹೆಸರಿನಲ್ಲಿ ಉಳಿದಿದೆ. ಮೊದಲನೆಯ ಮಹಾಯುದ್ಧದಲ್ಲಿ ಈ ದಳವು ಮೈಸೂರಿನ ಲ್ಯಾನ್ಸರ್ ದಳದೊಡನೆ ಒಂದೇ ಬ್ರಿಗೇಡಿನಲ್ಲಿ ಸೇರಿ ಮೆಡಿಟರೇನಿಯನ್ ತೀರದವರೆಗೆ ಹೋಗಿತ್ತು.

ಆ ಸಮುದ್ರದಲ್ಲಿ ವಿಹಾರನೌಕೆಯೇರಿ ಸಂಚರಿಸುವವರು ಶಾಂತಿಯ ದಿನಗಳಲ್ಲಿ ಬೆಳಿಗ್ಗೆ ಹೈಫಾ ರೇವಿನಲ್ಲಿಳಿದು ಸಂಜೆಗೆ ಮತ್ತೆ ಹಡಗನ್ನು ಸೇರುವುದುಂಟು. ಆ ಒಂದು ಹಗಲಿನಲ್ಲಿ ಅವರು ನೋಡುವುದು ಕಾರ್ಮೆಲ್ ಬೆಟ್ಟವನ್ನು, ಅದರ ಇಳಿಜಾರಿನಲ್ಲಿರುವ ಬಹಾಯಿಗಳ ಉದ್ಯಾನವನ್ನು, ಕೆಳಗೆ ಹರಡಿದ ಕೊಲ್ಲಿಯನ್ನು. 1918ರ ಸೆಪ್ಟೆಂಬರ್ 23ರಂದು ಅದೇ ಬೆಟ್ಟವನ್ನು ಮೈಸೂರಿನ ಸವಾರರು ಬೇರೊಂದು ದೃಷ್ಟಿಯಿಂದ ನೋಡಬೇಕಾಯಿತು. ಆ ದಿನದ ವೃತ್ತಾಂತವನ್ನೂ ಅದರಲ್ಲಿ ನಮ್ಮವರ ಪಾಲು ಎಷ್ಟೆಂಬುದನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದೇಶೀ ಸಂಸ್ಥಾನಗಳು ತಮ್ಮ ಖರ್ಚಿನಿಂದ ಪಡೆಗಳನ್ನು ಸಾಕಿ, ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಒಪ್ಪಿಸಬೇಕೆಂಬ ಏರ್ಪಾಡು 1889ರಲ್ಲಿ ಆರಂಭವಾಯಿತು. 1914ರಲ್ಲಿ ಯುದ್ಧ ಹೂಡಿದಾಗ ಮೈಸೂರಿನ ಮಹಾರಾಜರಾದ ನಾಲ್ಮಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ಕೊಟ್ಟರು. ಮೈಸೂರು, ಹೈದರಾಬಾದುಗಳ ಅಶ್ವದಳಗಳು ಆ ವರ್ಷದ ಕೊನೆಯ ಹೊತ್ತಿಗೆ ಈಜಿಪ್ಟನ್ನು ಸೇರಿ, ಮೊದಲು ಸೂಯೆಜ್ ಕಾಲುವೆಯ ಕಾವಲಿಗೂ ಅನಂತರ ಸಿನಾಯ್ ಮತ್ತು ಪ್ಯಾಲೆಸ್ತೀನಿನ ದಂಡಯಾತ್ರೆಗೂ ನಿಯುಕ್ತವಾದುವು. 1918ರಲ್ಲಿ ಜೋಧಪುರದ ಲ್ಯಾನ್ಸರ್ ದಳವು ಫ್ರಾನ್ಸಿನಿಂದ ಬಂದು ಇವುಗಳೊಡನೆ ಕೂಡಿತು. ಈ ಮೂರು ದಳಗಳದೇ ಹದಿನೈದನೆಯ ಅಶ್ವಬ್ರಿಗೇಡು. ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಅದರ ನಾಯಕ.

ಆ ಸೆಪ್ಟೆಂಬರ್ 19ರಂದು ಜನರಲ್ ಅಲೆನ್ಬಿಯ ಸೈನ್ಯವು ತುರ್ಕರ ಸಾಲನ್ನು ಭೇದಿಸಿ ಉತ್ತರಕ್ಕೆ ನುಗ್ಗಿತು. ಮುನ್ನಡೆದ ಸೈನ್ಯಕ್ಕೆ ಆಹಾರವೂ ಮದ್ದುಗುಂಡೂ ಬೇಕು. ಅವು ಸಮುದ್ರಮಾರ್ಗವಾಗಿ ಬರಬೇಕಾದರೆ ರೇವು ಬೇಕು. ಹೈಫಾ ಅಂಥ ರೇವು. ಒಳನಾಡಿಗೆ ರೈಲುದಾರಿಯೂ ಅಲ್ಲಿಂದ ಹೊರಡುತ್ತಿತ್ತು. ಶತ್ರುಗಳು ಊರನ್ನು ತೆರವು ಮಾಡಿರುವರೆಂಬ ವರದಿಯನ್ನು ನಂಬಿ 22ರಂದು ಕವಚದ ಮೋಟಾರುಗಳ ಒಂದು ಸಣ್ಣ ತುಕಡಿ ಹೋಗಿ, ಗುಂಡಿನ ಮಳೆಗೆ ಸಿಕ್ಕಿ ಹಿಂದಿರುಗಿತು. ಮರುದಿನ ಬೆಳಗಿನ ಐದು ಗಂಟೆಗೆ ಈ ಬ್ರಿಗೇಡು ಅಫೂಲಾದಿಂದ ಹೊರಟಿತು.

ಹೈಫಾದ ಸ್ಥಾನವನ್ನು ತಿಳಿಯದೆ ಮುಂದಿನ ಸಂಗತಿ ತಿಳಿಯದು. ಒಳನಾಡಿನಿಂದ ಬರುವ ದಾರಿಯ ಎಡಕ್ಕೆ ಕಡಿದಾದ ಕಾರ್ಮೆಲ್ ಬೆಟ್ಟ. ಬಲಕ್ಕೆ ಕಿಷೋನ್ ಹೊಳೆ, ಅದರ ಹುದುಲು ದಡಗಳು. ನಡುವೆ ಉಳಿಯುವುದು ಇಕ್ಕಟ್ಟಾದ ಒಂದು ಪಟ್ಟಿ ಮಾತ್ರ. ಬೆಟ್ಟದ ಮೇಲೆ ಫಿರಂಗಿಗಳು, ಅದರ ಬುಡದಲ್ಲಿ ಮೆಷಿನ್ ಗನ್ನುಗಳು. ಸುಮಾರು ಹತ್ತು ಗಂಟೆಗೆ ಬ್ರಿಗೇಡು ಈ ಫಿರಂಗಿಗಳ ಹೊಡೆತಕ್ಕೆ ಸಿಕ್ಕಿತು. ಅವನ್ನು ಅಡಗಿಸದೆ ಊರಿನತ್ತ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ.

ಬೆಟ್ಟವನ್ನು ಹತ್ತುವ ಕೆಲಸ ಮೈಸೂರಿನ ಒಂದು ತುಕಡಿಗೆ ಬಿದ್ದಿತು. ಕುದುರೆಗಳಿಗೆ ತಕ್ಕ ದಾರಿ ಅದಲ್ಲ. ಕಲ್ಲಿನ ಏರಿನಲ್ಲಿ ಅನೇಕ ಕುದುರೆಗಳು ಕುಂಟಿ ಹಿಂದೆ ಬಿದ್ದುವು. ಕೆಲವರು ಮೇಲಿನಿಂದ ಗುಂಡು ಹಾರಿಸಿ ಜತೆಯವರಿಗೆ ಮರೆ ಕೊಡುವುದಕ್ಕೆ ನಿಲ್ಲಬೇಕಾಯಿತು. ಕೊನೆಗೆ ಫಿರಂಗಿಗಳ ಮೇಲೆ ಎರಗುವುದಕ್ಕೆ ಉಳಿದವರು ಕೆಲವೇ ಸವಾರರು. ಅವರು ಎರಗಿದರು, ಫಿರಂಗಿಗಳನ್ನು ಹಿಡಿದರು. ಕೆಳಗೆ, ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಹೊಳೆಯನ್ನು ದಾಟಲು ಹೊರಟು, ಹುದುಲನ್ನು ಕಂಡು ಎಡಕ್ಕೆ ತಿರುಗಿ, ಮೆಷಿನ್ ಗನ್ನುಗಳನ್ನು ತುಳಿದುಕೊಂಡು ಊರೊಳಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಶೇಖಾವತ್ ಅಲ್ಲಿ ಮಡಿದನು. ಅಲ್ಲಿಯವರೆಗೆ ಗುಂಡಿನ ಆಸರೆ ಕೊಡುತ್ತಿದ್ದ ಮೈಸೂರಿನವರು ಕುದುರೆಯೇರಿ ಅವರನ್ನು ಹಿಂಬಾಲಿಸಿದರು. ಸಂಜೆಯೊಳಗೆ ಹೈಫಾ ಕೈವಶವಾಯಿತು. ನಾಲ್ಕು ಶತಮಾನಗಳ ಆಟೊಮನ್ ಆಳಿಕೆ ಅಲ್ಲಿ ಆ ದಿನ ಮುಗಿಯಿತು. ಸೆರೆಸಿಕ್ಕವರು 1,350 ಮಂದಿ. ದೊರೆತ ಫಿರಂಗಿಗಳು 17. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60.

ಹೈದರಾಬಾದಿನ ದಳವೆಲ್ಲಿತ್ತು? ಹಿಂದಿನ ದಿನಗಳಲ್ಲಿ ಸೆರೆಹಿಡಿದಿದ್ದ ತುರ್ಕಿ ಸೈನಿಕರನ್ನು ಹಿಂದಕ್ಕೆ ಸಾಗಿಸುವ ಕೆಲಸ ಅದಕ್ಕೆ ಬಿದ್ದಿತ್ತು. ಆದುದರಿಂದ ಊರನ್ನು ಹಿಡಿದವರ ಸಾಲಿನಲ್ಲಿ ಅದು ಇರಲಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಯುದ್ಧದಲ್ಲಿ ನುಗ್ಗುವವನ ಹೆಸರು ನಿಲ್ಲುತ್ತದೆ. ಬೆಟ್ಟ ಹತ್ತಿದವನದು ಅರ್ಧ ನಿಲ್ಲುತ್ತದೆ. ಸೆರೆಯಾಳುಗಳಿಗೆ ಕಾವಲಾಗಿ ನಡೆದವನದು ನಿಲ್ಲುವುದೇ ಇಲ್ಲ. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಸ್ಮಾರಕದ ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್ ಮಾತ್ರ ಮೂರು ದಳಗಳಿಗೂ ಒಂದೊಂದು ಕಂಚಿನ ಮೂರ್ತಿಯನ್ನು ಸಮವಾಗಿ ಕೊಟ್ಟನು. ಅದೇ ‘ತೀನ್ ಮೂರ್ತಿ’. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಎಂಬುದೂ ಸೇರಿತು.

ನಮ್ಮ ಅಭಿಮಾನಕ್ಕೂ ಎರಡು ಎಚ್ಚರಿಕೆಗಳು ಅಗತ್ಯ. ಹೈಫಾದ್ದು ಅಶ್ವದಳದ ಕಟ್ಟಕಡೆಯ ದಾಳಿಯೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ: ಒಂದು ತಿಂಗಳ ಅನಂತರ, ಅಕ್ಟೋಬರ್ 26ರಂದು, ಅಲೆಪ್ಪೊ ನಗರದಾಚೆಯ ಹರಿತಾನಿನಲ್ಲಿ ಇದೇ ಮೈಸೂರು, ಜೋಧಪುರಗಳ ಸವಾರರು ಮತ್ತೆ ದಾಳಿ ಮಾಡಿ ಹೆಚ್ಚಿನ ನಷ್ಟವನ್ನು ಅನುಭವಿಸಿದರು. ಎರಡನೆಯದಾಗಿ, ಈ ಯುದ್ಧವನ್ನು ಹೂಡಿದವರು ಅವರಲ್ಲ, ಅವರ ಜನರೂ ಅಲ್ಲ. ಎರಡೂ ದಳಗಳಲ್ಲಿ ಮುಸಲ್ಮಾನ ಸವಾರರಿದ್ದರು. ಎದುರಿಗಿದ್ದುದು ಖಲೀಫರೆನಿಸಿದ ಸುಲ್ತಾನರ ಸೈನ್ಯ. ಅವರ ಮನಸ್ಸಿನ ಹೊಯ್ದಾಟವನ್ನು ಯಾವ ರಣವರದಿಯೂ ಬರೆದಿಡಲಿಲ್ಲ. ಅವರ ಧೈರ್ಯವನ್ನು ಗೌರವಿಸುವುದಕ್ಕೆ ಆ ಸಾಮ್ರಾಜ್ಯದ ಉದ್ದೇಶಗಳನ್ನು ಒಪ್ಪಬೇಕಾಗಿಲ್ಲ.

ಇನ್ನು ನಮ್ಮ ಸಂಬಂಧ. ಅಂದು ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ರಾಜ್ಯದಲ್ಲಿದ್ದುವು. ಮಾಸಾಬ್ ಟ್ಯಾಂಕಿನ ಬಳಿಯ ಲಾಯಗಳ ಕುದುರೆಗಳಿಗೆ ಹುರುಳಿ ಹಾಕಿದ್ದು ಆ ಜಿಲ್ಲೆಗಳ ರೈತನು ತೆತ್ತ ಕಂದಾಯವೂ ಹೌದು. ಮೈಸೂರಿನಿಂದ ಬಂದವನೂ ರಾಯಚೂರಿನಿಂದ ಬಂದವನೂ ಈ ಊರಿನ ಸಂಘದಲ್ಲಿ ಒಂದೇ ಚಾಪೆಯ ಮೇಲೆ ಕುಳಿತಿರುವಾಗ, ದೆಹಲಿಯ ಮೂರು ಮೂರ್ತಿಗಳಲ್ಲಿ ಎರಡು ನಮ್ಮ ಎರಡು ತೌರುಮನೆಗಳವೆಂಬುದನ್ನು ಮರೆಯಬಾರದು.

2017ರ ಜುಲೈಯಲ್ಲಿ ಭಾರತದ ಪ್ರಧಾನಮಂತ್ರಿಗಳು ಹೈಫಾದ ಭಾರತೀಯ ಸಮಾಧಿಸ್ಥಾನಕ್ಕೆ ಹೋಗಿ ನಮಿಸಿದರು. ಅಲ್ಲಿಗೆ ಹೋಗುವ ಭಾಗ್ಯ ಎಲ್ಲರಿಗೂ ಇಲ್ಲ. ಆದರೆ ಆ ಸವಾರರ ಮೊಮ್ಮಕ್ಕಳ, ಮರಿಮಕ್ಕಳ ಮನೆಗಳಲ್ಲಿ ಒಂದು ಪದಕವೋ, ಪಿಂಚಣಿಯ ಕಾಗದವೋ, ಮಸುಕಾದ ಭಾವಚಿತ್ರವೋ ಇನ್ನೂ ಉಳಿದಿರಬಹುದು. ಸೇನಾಧಿಪತಿಗಳ ಬರಹದಲ್ಲಿ ಆ ದಿನದ ಗಂಟೆಗಳೂ ಸಂಖ್ಯೆಗಳೂ ಇವೆ. ಬೆಟ್ಟ ಹತ್ತಿದವರ ಮಾತು ಇಲ್ಲ. ಅಂಥ ಕಾಗದವೊಂದು ವಾಚಕರ ಕಣ್ಣಿಗೆ ಬಿದ್ದರೆ ರದ್ದಿಗೆ ಹಾಕದೆ ನಕಲು ಮಾಡಿ ಕಾಪಾಡುವುದು ನಮ್ಮಿಂದ ಆಗಬಹುದಾದ ಕೆಲಸ.